ಬೆಳೆಯುವ ಕಾಲುಗಳ ಮೇಲೆ ಎಷ್ಟು ಹೊರೆ?

ಫುಟ್‌ಬಾಲ್ ಆಟಗಾರ ಪೆಡ್ರಿ 2020ರಲ್ಲಿ ಬಾರ್ಸಿಲೋನಾ ಕ್ಲಬ್‌ಗೆ ಬಂದಾಗ ಅವರಿಗಿನ್ನೂ 17 ವರ್ಷ. ಆ ಋತುವಿನಲ್ಲಿ ಕ್ಲಬ್ಬಿನ ಪರವೇ 50ಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದರು. ಅದು ಮುಗಿಯುತ್ತಲೇ ಸ್ಪೇನ್ ಪರ ಯೂರೊ ಕಪ್. 2021ರ ಜುಲೈ 6ರಂದು ಲಂಡನ್ನಿನಲ್ಲಿ ಸೆಮಿಫೈನಲ್ ಆಡಿ, ಅದೇ ತಿಂಗಳ 22ಕ್ಕೆ ಜಪಾನ್‌ನಲ್ಲಿ ಒಲಿಂಪಿಕ್ಸ್‌ನ ಮೊದಲ ಪಂದ್ಯಕ್ಕೆ ಇಳಿದಿದ್ದರು. ಆಗಸ್ಟ್ 7ರ ಫೈನಲ್‌ನಲ್ಲೂ ಇದ್ದರು. ಎಲ್ಲ ಸೇರಿ 70ಕ್ಕೂ ಹೆಚ್ಚು ಪಂದ್ಯ. ಯುರೋಪಿನ ಶ್ರೇಷ್ಠ ಯುವ ಆಟಗಾರನಿಗೆ ಸಲ್ಲುವ ಗೋಲ್ಡನ್ ಬಾಯ್ ಪ್ರಶಸ್ತಿ ಆ ವರ್ಷ ಅವರ ಪಾಲಾಯಿತು. ಮುಂದಿನ ಋತುವಿನಲ್ಲಿ ತೊಡೆಯ ಸ್ನಾಯು ಮತ್ತೆ ಮತ್ತೆ ಕೈಕೊಟ್ಟು, ತಿಂಗಳುಗಟ್ಟಲೆ ಮೈದಾನದ ಹೊರಗೇ ಉಳಿದರು.

ಹಿಂದಿನ ತಲೆಮಾರಿನವರಿಗೆ ಮೈಕಲ್ ಓವನ್ ನೆನಪಿರಬೇಕು. 1997ರಲ್ಲಿ, 17ರ ವಯಸ್ಸಿನಲ್ಲೇ ಲಿವರ್‌ಪೂಲ್ ಪರ ಆಡತೊಡಗಿದ ಅವರ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಎರಡೇ ವರ್ಷದಲ್ಲಿ, ಲೀಡ್ಸ್ ವಿರುದ್ಧದ ಪಂದ್ಯದಲ್ಲಿ ಕಿತ್ತುಹೋಯಿತು. ಆಮೇಲೆ ತಾನು ಹಳೆಯ ಓವನ್ ಆಗಲೇ ಇಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ.

ಗಾಯಕ್ಕೆ ಆಟದ ಹೊರೆಯೊಂದೇ ಕಾರಣ ಎಂದು ಬೊಟ್ಟು ಮಾಡಲಾಗದು. ಆದರೆ ಹದಿಹರೆಯದ ಆಟಗಾರನ ಮೈಮೇಲೆ ವಾರ ವಾರ ಎಷ್ಟು ಹೊರೆ ಬೀಳುತ್ತಿದೆ ಎಂಬ ಲೆಕ್ಕ ಯಾರ ಬಳಿ ಇದೆ, ಅದನ್ನು ನೋಡಿ ‘ಇವತ್ತಿಗೆ ಸಾಕು’ ಎನ್ನುವ ಅಧಿಕಾರ ಯಾರಿಗಿದೆ ಎಂದು ಕೇಳಲೇಬೇಕಾಗುತ್ತದೆ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2012ರಲ್ಲಿ ‘ಎಲೀಟ್ ಪ್ಲೇಯರ್ ಪರ್ಫಾರ್ಮೆನ್ಸ್ ಪ್ಲ್ಯಾನ್’ ಎಂಬ ಯೋಜನೆ ತಂದಿತು. ಕ್ಲಬ್‌ಗಳ ಅಕಾಡೆಮಿಗಳಿಗೆ ನಾಲ್ಕು ದರ್ಜೆ ನಿಗದಿಯಾದವು. ಒಂಬತ್ತು ವರ್ಷದೊಳಗಿನ ಮಕ್ಕಳಿಂದ ಹಿಡಿದು ಸೀನಿಯರ್ ತಂಡದ ಹೊಸ್ತಿಲಲ್ಲಿರುವ ಯುವಕರವರೆಗೆ ಮೂರು ಹಂತದ ತರಬೇತಿ ಶುರುವಾಯಿತು. ಮಕ್ಕಳು ಕೋಚ್‌ಗಳ ಜೊತೆ ಹೆಚ್ಚು ಗಂಟೆ ಕಳೆಯಬೇಕೆಂಬುದು ಯೋಜನೆಯ ಮುಖ್ಯ ಆಶಯಗಳಲ್ಲೊಂದು. ಗಂಟೆ ಹೆಚ್ಚಿದ ಮೇಲೆ ಹೊರೆಯನ್ನು ಅಳೆಯದೆ ವಿಧಿಯಿಲ್ಲ. ಹಾಗಾಗಿ ಫಿಸಿಯೊ, ಕ್ರೀಡಾ ವಿಜ್ಞಾನಿಗಳಿಗೂ ಮಕ್ಕಳ ಮೈದಾನದಲ್ಲಿ ಕೆಲಸ ಬಂತು.

ಬೆನ್ನಿನ ಯಂತ್ರ, ಬಾಯಿಯ ಅಂಕಿ

ಜೆರ್ಸಿಯೊಳಗೆ ಬಿಗಿಯಾದ ಒಂದು ವೆಸ್ಟ್, ಎರಡು ಭುಜಗಳ ನಡುವೆ ಪುಟ್ಟ ಜೇಬು, ಅದರಲ್ಲಿ ಜಿಪಿಎಸ್ ಸಾಧನ. ಆಟಗಾರ ಎಷ್ಟು ದೂರ ಓಡಿದ, ಎಷ್ಟು ವೇಗವಾಗಿ ಓಡಿದ, ಎಷ್ಟು ಸಲ ಗಕ್ಕನೆ ನಿಂತ ಎಂಬುದನ್ನೆಲ್ಲ ಅದು ದಾಖಲಿಸುತ್ತದೆ. 2015ರಿಂದ ಅಧಿಕೃತ ಪಂದ್ಯಗಳಲ್ಲೂ ಇಂಥ ಸಾಧನಗಳಿಗೆ ಅನುಮತಿ ಇದೆ. ಇದರಿಂದ ಸಿಗುವುದು ಹೊರಗಿನ ಹೊರೆಯ ಲೆಕ್ಕ, ಅಂದರೆ ಹುಡುಗ ಮಾಡಿದ ಕೆಲಸ. ಆ ಕೆಲಸ ಅವನ ದೇಹಕ್ಕೆ ಎಷ್ಟು ದುಬಾರಿಯಾಯಿತು ಎಂಬುದು ಒಳಗಿನ ಹೊರೆ. ಅದನ್ನು ಉಪಗ್ರಹ ಹೇಳಲಾರದು.

ದೊಡ್ಡವರ ಫುಟ್‌ಬಾಲ್‌ನಲ್ಲಿ ಗಂಟೆಗೆ 19.8 ಕಿ.ಮೀ. ದಾಟಿದ ಓಟವನ್ನು ‘ಹೈ ಸ್ಪೀಡ್ ರನ್ನಿಂಗ್’ ಎಂದು ಲೆಕ್ಕ ಹಿಡಿಯುವುದು ರೂಢಿ. ಮೈ ಇನ್ನೂ ಬೆಳೆಯದ 13ರ ಹುಡುಗನೊಬ್ಬ ಆ ವೇಗ ಮುಟ್ಟಲು ಹೆಚ್ಚುಕಮ್ಮಿ ಇದ್ದ ಬಲವನ್ನೆಲ್ಲ ಹಾಕಬೇಕು. ಅದೇ ತಂಡದಲ್ಲಿ ಮೀಸೆ ಚಿಗುರಿದ ಇನ್ನೊಬ್ಬನಿಗೆ ಅದು ಸಲೀಸು. ಪರದೆಯ ಮೇಲೆ ಮಾತ್ರ ಇಬ್ಬರ ಅಂಕಿಯೂ ಒಂದೇ.

ಒಳಗಿನ ಹೊರೆ ತಿಳಿಯಲು ಹೃದಯ ಬಡಿತ ಅಳೆಯಬಹುದು. ಅದಕ್ಕಿಂತ ಸರಳ ದಾರಿಯೂ ಇದೆ: ಆಟಗಾರನನ್ನೇ ಕೇಳುವುದು. ಪಟ್ಟ ಶ್ರಮಕ್ಕೆ ಮನುಷ್ಯ ತಾನೇ ಅಂಕಿ ಕೊಡಬಲ್ಲ ಎಂಬ ಅಳತೆಪಟ್ಟಿಯನ್ನು ರೂಪಿಸಿದವರು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್. ಅಮೆರಿಕದ ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ಅದನ್ನು ದಿನದ ತರಬೇತಿಗೆ ಒಗ್ಗಿಸಿದರು. ಪ್ರಾಕ್ಟೀಸ್ ಮುಗಿದು ಸುಮಾರು ಅರ್ಧ ಗಂಟೆಯ ಮೇಲೆ ಒಂದೇ ಪ್ರಶ್ನೆ: “ಇವತ್ತು ಎಷ್ಟು ಕಷ್ಟ ಆಯ್ತು?” ಏನೂ ಶ್ರಮವಿಲ್ಲ ಎಂದರೆ ಸೊನ್ನೆ, ಇನ್ನು ಆಗದು ಎನ್ನುವಷ್ಟಾದರೆ 10. ಆ ಅಂಕಿಯನ್ನು ನಿಮಿಷಗಳಿಂದ ಗುಣಿಸಿದರೆ ಆ ದಿನದ ಹೊರೆ ಸಿಗುತ್ತದೆ. 90 ನಿಮಿಷದ ಪ್ರಾಕ್ಟೀಸ್‌ಗೆ ಹುಡುಗ 6 ಎಂದರೆ 540. ಫ್ರಾಂಕೊ ಇಂಪೆಲ್ಲಿಜ್ಜೆರಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 19 ಯುವ ಫುಟ್‌ಬಾಲ್ ಆಟಗಾರರ ಮೇಲೆ ಇದನ್ನು ಪರೀಕ್ಷಿಸಿದ್ದರು. ಹುಡುಗರು ಹೇಳಿದ ಅಂಕಿಯಿಂದ ಬಂದ ಲೆಕ್ಕ, ಹೃದಯ ಬಡಿತದಿಂದ ತೆಗೆದ ಲೆಕ್ಕಕ್ಕೆ ತಕ್ಕಮಟ್ಟಿಗೆ ಹೊಂದಿಕೊಂಡಿತು.

ದಿನದ ಅಂಕಿಗಿಂತ ವಾರದ ಅಂಕಿಗಳು ಹೇಗೆ ಹಂಚಿಹೋಗಿವೆ ಎಂಬುದು ಮುಖ್ಯ. ಒಬ್ಬ ಹುಡುಗನಿಗೆ ಏಳೂ ದಿನ ತಲಾ 300ರ ಹೊರೆ ಬಿತ್ತು ಎನ್ನೋಣ. ಇನ್ನೊಬ್ಬನಿಗೆ ಸೋಮವಾರದಿಂದ ಕ್ರಮವಾಗಿ 540, 120, 450, 0, 360, ಶನಿವಾರದ ಪಂದ್ಯಕ್ಕೆ 630, ಭಾನುವಾರ 0. ಇಬ್ಬರದೂ ಒಟ್ಟು 2,100. ಆದರೆ ಎರಡನೆಯವನ ದೇಹಕ್ಕೆ ಚೇತರಿಸಿಕೊಳ್ಳಲು ದಿನಗಳಿವೆ, ಮೊದಲನೆಯವನಿಗೆ ಒಂದೂ ಇಲ್ಲ. ಏರಿಳಿತವಿಲ್ಲದ ಇಂಥ ವಾರಗಳು ಕ್ರೀಡಾಪಟುವನ್ನು ಒಳಗೊಳಗೇ ಸವೆಸುತ್ತವೆ ಎಂದು ಫಾಸ್ಟರ್ ಎಚ್ಚರಿಸಿದ್ದರು.

ಮೂಳೆ ಮುಂದೆ, ಸ್ನಾಯು ಹಿಂದೆ

ಎಳೆಯರ ವಿಚಾರದಲ್ಲಿ ಇನ್ನೊಂದು ತೊಡಕಿದೆ. ದೇಹವೇ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿರುತ್ತದೆ. ಹುಡುಗಿಯರು 12ರ ಆಸುಪಾಸು, ಹುಡುಗರು 14ರ ಆಸುಪಾಸು ಅತಿ ವೇಗವಾಗಿ ಎತ್ತರವಾಗುತ್ತಾರೆ. ಆ ಉತ್ತುಂಗದಲ್ಲಿ ಹುಡುಗರು ವರ್ಷಕ್ಕೆ 8ರಿಂದ 10 ಸೆಂ.ಮೀ. ಬೆಳೆಯುವುದುಂಟು. ಉದ್ದದ ಮೂಳೆಗಳು ಬೇಗ ಬೆಳೆಯುತ್ತವೆ, ಸ್ನಾಯುಗಳು ಆ ವೇಗಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗ ಇನ್ನೂ ಮೃದುವಾಗಿರುತ್ತದೆ. ಪ್ರತಿ ಒದೆತ, ಪ್ರತಿ ಜಿಗಿತವೂ ಅಲ್ಲೇ ಎಳೆಯುತ್ತದೆ. ಮಂಡಿಚಿಪ್ಪಿನ ಕೆಳಗೆ ಗಂಟು ಕಟ್ಟಿದಂತಾಗಿ ನೋಯುವ ಆಸ್‌ಗುಡ್-ಶ್ಲಾಟರ್, ಹಿಮ್ಮಡಿ ನೋಯುವ ಸೀವರ್ಸ್ ತೊಂದರೆಗಳು ಈ ವಯಸ್ಸಿನ ಆಟಗಾರರಲ್ಲಿ ಸಾಮಾನ್ಯ. ಬೆಳೆಯುವ ವಯಸ್ಸಿನ ನೋವು ಎಂದು ತಳ್ಳಿಹಾಕಿ ಆಡಿಸುತ್ತ ಹೋದರೆ ಅದು ಬಲಿಯುತ್ತದೆ.

ಆದ್ದರಿಂದಲೇ ಒಳ್ಳೆಯ ಅಕಾಡೆಮಿಗಳು ಕೆಲವು ತಿಂಗಳಿಗೊಮ್ಮೆ ಮಕ್ಕಳ ಎತ್ತರ, ತೂಕ, ಕುಳಿತಾಗಿನ ಎತ್ತರ ಅಳೆಯುತ್ತವೆ. ಖಾಮಿಸ್-ರೋಶ್ ವಿಧಾನದಲ್ಲಿ ಅಪ್ಪ ಅಮ್ಮನ ಎತ್ತರವನ್ನೂ ಸೇರಿಸಿಕೊಂಡು, ಮಗು ತನ್ನ ಪೂರ್ಣ ಎತ್ತರದ ಶೇಕಡಾ ಎಷ್ಟನ್ನು ಮುಟ್ಟಿದೆ ಎಂದು ಅಂದಾಜಿಸುತ್ತಾರೆ. ಇಂಗ್ಲೆಂಡಿನ ನಾಲ್ಕು ಕ್ಲಬ್‌ಗಳು ಇದರ ಆಧಾರದ ಮೇಲೆ ಒಂದು ಟೂರ್ನಿಯನ್ನೇ ನಡೆಸಿದವು. 11ರಿಂದ 14 ವರ್ಷದೊಳಗಿನ, ಪೂರ್ಣ ಎತ್ತರದ ಶೇ 85ರಿಂದ 90ರಷ್ಟನ್ನು ಮುಟ್ಟಿದ ಹುಡುಗರು ಒಟ್ಟಿಗೆ ಆಡಿದರು. ಬೇಗ ಬೆಳೆದವರಿಗೆ ಮೊದಲ ಸಲ ಸರಿಸಮಾನರು ಸಿಕ್ಕರು, ಬರೀ ಮೈಬಲ ನಡೆಯಲಿಲ್ಲ. ತಡವಾಗಿ ಬೆಳೆಯುವವರಿಗೆ ತಮ್ಮ ಕೌಶಲ ತೋರಲು ಜಾಗ ಸಿಕ್ಕಿತು.

ನಿಜ ಹೇಳಿದವನಿಗೆ ನಷ್ಟವಾಗಬಾರದು

ಇಷ್ಟೆಲ್ಲ ಅಳತೆ ನಿಂತಿರುವುದು ನಂಬಿಕೆಯ ಮೇಲೆ. ಗುರುವಾರ ‘9’ ಎಂದು ಹೇಳಿದ ಹುಡುಗನನ್ನು ಶನಿವಾರದ ತಂಡದಿಂದ ಕೈಬಿಟ್ಟರೆ, ಮುಂದಿನ ಗುರುವಾರ ಅವನು ‘5’ ಎನ್ನುತ್ತಾನೆ. ಗೆಳೆಯರೆದುರು ಕೇಳಿದರೂ ಅಷ್ಟೇ, ಪಕ್ಕದವನ ಅಂಕಿಯನ್ನೇ ತಾನೂ ಒಪ್ಪಿಸುತ್ತಾನೆ. ಅದಕ್ಕೇ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಬೇಕು. ಹೆಚ್ಚು ಅಂಕಿ ಹೇಳಿದವನಿಗೆ ಮರುದಿನದ ಡ್ರಿಲ್ ಕಡಿಮೆಯಾಗಬೇಕೇ ಹೊರತು ತಂಡದಲ್ಲಿನ ಜಾಗ ಹೋಗಬಾರದು.

ಹೊರೆ ಏಕಾಏಕಿ ಏರುವುದು ಅಪಾಯ ಎಂದು ಆಸ್ಟ್ರೇಲಿಯಾದ ಕ್ರೀಡಾ ವಿಜ್ಞಾನಿ ಟಿಮ್ ಗ್ಯಾಬೆಟ್ 2016ರಲ್ಲಿ ಒತ್ತಿ ಹೇಳಿದರು. ಆ ವಾರದ ಹೊರೆಯನ್ನು ಹಿಂದಿನ ವಾರಗಳ ಸರಾಸರಿಗೆ ಹೋಲಿಸುವ ಅವರ ಅನುಪಾತ ಜಗತ್ತಿನಾದ್ಯಂತ ಹರಡಿತು. ಅದರ ಲೆಕ್ಕಾಚಾರದಲ್ಲೇ ದೋಷಗಳಿವೆ ಎಂಬ ಗಂಭೀರ ಟೀಕೆಯೂ ಬಂದಿದೆ. ಯಾರಿಗೆ ಗಾಯವಾಗುತ್ತದೆ ಎಂದು ಮೊದಲೇ ಹೇಳುವ ಮಂತ್ರಸಂಖ್ಯೆ ಯಾವುದೂ ಇಲ್ಲ. ಆದರೂ ಹೊರೆಯನ್ನು ಹಂತಹಂತವಾಗಿ ಏರಿಸಬೇಕೆಂಬ ವಿವೇಕಕ್ಕೆ ಚ್ಯುತಿಯಿಲ್ಲ.

ಈ ಮಾತು ನಮ್ಮ ಊರುಗಳಿಗೆ ನೇರವಾಗಿ ತಾಗುತ್ತದೆ. ಪರೀಕ್ಷೆಯ ದಿನಗಳಲ್ಲಿ ಚೆಂಡು ಮುಟ್ಟದೆ ಕೂತ ಮಕ್ಕಳು ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರಕ್ಕೆ ಸೇರಿ, ಮೊದಲ ದಿನದಿಂದಲೇ ಬೆಳಿಗ್ಗೆ ಸಂಜೆ ಎರಡು ಹೊತ್ತು ಓಡುತ್ತಾರೆ. ಪ್ರತಿಭೆಯುಳ್ಳ ಹುಡುಗಿ ಅಥವಾ ಹುಡುಗನ ಪಾಡು ಇನ್ನೂ ಕಷ್ಟ. ಶಾಲೆಯ ತಂಡಕ್ಕೂ ಅವರೇ ಬೇಕು, ಅಕಾಡೆಮಿಗೂ ಅವರೇ ಬೇಕು, ವಾರಾಂತ್ಯದ ಟೂರ್ನಿಗೂ ಅವರೇ ಬೇಕು. ಪಿಟಿ ಮೇಷ್ಟ್ರಿಗೆ ಅಕಾಡೆಮಿಯ ಪ್ರಾಕ್ಟೀಸ್ ಗೊತ್ತಿಲ್ಲ, ಅಕಾಡೆಮಿಯ ಕೋಚ್‌ಗೆ ಶಾಲೆಯ ಪಂದ್ಯ ಗೊತ್ತಿಲ್ಲ. ಮೂರೂ ಕಡೆಯ ಹೊರೆ ಒಟ್ಟು ಸೇರುವುದು ಆ ಮಗುವಿನ ಕಾಲುಗಳಲ್ಲಿ ಮಾತ್ರ.

ದುಬಾರಿ ವೆಸ್ಟ್ ಇಲ್ಲದೆಯೂ ಈ ಕೊರತೆ ತುಂಬಬಹುದು. ಮನೆಯಲ್ಲೊಂದು ನೋಟ್‌ಬುಕ್ ಇಡಿ. ಎಲ್ಲಿ ಆಡಿದರೂ ನಿಮಿಷ ಮತ್ತು ಮಗು ಹೇಳಿದ ಅಂಕಿ ಬರೆಯಿರಿ. ಎಷ್ಟು ಗಂಟೆ ನಿದ್ದೆ, ಎಲ್ಲಿ ನೋವು ಎಂಬುದನ್ನೂ ಸೇರಿಸಿ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತಿಸಿ. ದಿಢೀರನೆ ಎತ್ತರವಾಗುತ್ತಿದ್ದರೆ ಕೋಚ್‌ಗೆ ತಿಳಿಸಿ, ಜಿಗಿತ, ಒದೆತ, ವೇಗದ ಓಟ ಸ್ವಲ್ಪ ಕಾಲ ಕಡಿಮೆ ಮಾಡಿಸಿ. ವಾರಕ್ಕೊಂದು ದಿನವಾದರೂ ಪೂರ್ತಿ ಬಿಡುವು ಕೊಡಿ. ನೋವು ಎಳೆಯುತ್ತಲೇ ಹೋದರೆ ವೈದ್ಯರಿಗೆ ತೋರಿಸಿ.

ಹದಿನಾಲ್ಕರ ಕಪ್ ಗೆಲ್ಲಲು ಇಪ್ಪತ್ತೆರಡರ ಆಟಗಾರನನ್ನು ಒತ್ತೆಯಿಡುವ ಹಕ್ಕು ಯಾವ ಕೋಚ್‌ಗೂ, ಯಾವ ಶಾಲೆಗೂ, ಹೆತ್ತವರಿಗೂ ಇಲ್ಲ. ಮಗು ಹೇಳಿದ ಅಂಕಿಯನ್ನು ನಂಬಿ ಮರುದಿನದ ಪ್ರಾಕ್ಟೀಸ್ ಕಡಿತಗೊಳಿಸುವ ಧೈರ್ಯ ದೊಡ್ಡವರಿಗೆ ಇದ್ದಾಗಲಷ್ಟೇ ಈ ಲೆಕ್ಕಕ್ಕೆ ಬೆಲೆ.