ಲಾಂಛನ ಬರೆದ ಮಹಾಧರ್ಮಾಧ್ಯಕ್ಷರು

ಧರ್ಮಾಧ್ಯಕ್ಷರ ದೀಕ್ಷೆಯ ಆಮಂತ್ರಣ ಪತ್ರಿಕೆಯ ಮೇಲ್ಭಾಗದಲ್ಲಿ ಗುರಾಣಿಯಾಕಾರದ ಒಂದು ಲಾಂಛನವನ್ನು ನೀವೆಲ್ಲರೂ ನೋಡಿದ್ದೀರಿ. ಅದರ ಮೇಲಿನ ಹಸಿರು ಟೋಪಿಯಿಂದ ಇಳಿಬಿದ್ದ ಕುಚ್ಚುಗಳನ್ನು ಎಂದಾದರೂ ಎಣಿಸಿದ್ದೀರಾ? ಪ್ರತಿ ಬದಿಗೆ 6 ಇದ್ದರೆ ಧರ್ಮಾಧ್ಯಕ್ಷರು, 10 ಇದ್ದರೆ ಮಹಾಧರ್ಮಾಧ್ಯಕ್ಷರು. ಟೋಪಿ ಕೆಂಪಾಗಿದ್ದು 15 ಕುಚ್ಚುಗಳಿದ್ದರೆ ಕಾರ್ಡಿನಲರು. ಓದು ಬಾರದವರಿಗೂ ಗುರುತು ಸಿಗಲೆಂದು ಬೆಳೆದುಬಂದ ಚಿತ್ರಭಾಷೆಯಿದು.

ಯುರೋಪಿನ ಅರಸರ ಆಸ್ಥಾನಗಳಲ್ಲಿ ಇದಕ್ಕೆಂದೇ ಲಾಂಛನಾಧಿಕಾರಿಗಳಿದ್ದರು. 1484ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ಅಂಥ ಸಂಸ್ಥೆ ಇಂದಿಗೂ ಕೆಲಸ ಮಾಡುತ್ತಿದೆ. ಧರ್ಮಸಭೆಯಲ್ಲಿ ಈ ವಿದ್ಯೆಗೆ ಹೊಸ ಜೀವ ಕೊಟ್ಟವರು ಮಹಾಧರ್ಮಾಧ್ಯಕ್ಷ ಬ್ರೂನೋ ಹೈಮ್.

1911ರಲ್ಲಿ ಸ್ವಿಟ್ಜರ್‌ಲೆಂಡಿನ ಓಲ್ಟನ್ ಪಟ್ಟಣದಲ್ಲಿ ಜನಿಸಿದ ಅವರು 1938ರಲ್ಲಿ ಗುರುದೀಕ್ಷೆ ಪಡೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವಿಸ್ ಶಿಬಿರಗಳಲ್ಲಿದ್ದ ಇಟಲಿ ಮತ್ತು ಪೋಲೆಂಡಿನ ಸೈನಿಕರ ಆತ್ಮಿಕ ಸೇವೆ ಮಾಡಿದರು. 1947ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಅಲ್ಲಿ ಪೋಪರ ರಾಯಭಾರಿಯಾಗಿದ್ದವರು ಆಂಜೆಲೊ ರೊಂಕಾಲಿ. ಅವರೇ 1958ರಲ್ಲಿ ಪೋಪ್ 23ನೇ ಜಾನ್ ಆದರು.

ರೊಂಕಾಲಿಯವರ ಲಾಂಛನದಲ್ಲಿ ವೆನಿಸ್ ನಗರದ ಸಂತ ಮಾರ್ಕರ ಸಿಂಹವಿದೆ. ಹೈಮ್ ಬರೆದ ಸಿಂಹ ತೀರಾ ಉಗ್ರವಾಗಿದೆ, ಸ್ವಲ್ಪ ಸೌಮ್ಯವಾಗಿರಲಿ ಎಂದು ಅವರು ಹೇಳಿದರಂತೆ. ಮುಂದೆ 6ನೇ ಪೌಲ್, 33 ದಿನ ಮಾತ್ರ ಪೋಪರಾಗಿದ್ದ 1ನೇ ಜಾನ್ ಪೌಲ್, ಮತ್ತು 2ನೇ ಜಾನ್ ಪೌಲ್ ಅವರ ಲಾಂಛನಗಳೂ ಹೈಮ್ ಅವರ ಕೈಯಲ್ಲೇ ರೂಪುಗೊಂಡವು. 2ನೇ ಜಾನ್ ಪೌಲರು ಶಿಲುಬೆಯ ಕೆಳಗೆ ಮಾತೆ ಮರಿಯಮ್ಮನವರ ಹೆಸರಿನ ಮೊದಲಕ್ಷರ ‘ಎಂ’ ಇಟ್ಟುಕೊಂಡಿದ್ದರು. ಲಾಂಛನದಲ್ಲಿ ಅಕ್ಷರ ಬರೆಯುವುದು ಸಂಪ್ರದಾಯವಲ್ಲ ಎಂಬುದು ಹೈಮ್ ಅವರ ಅಭಿಪ್ರಾಯ. ಪೋಪರು ಆ ಅಕ್ಷರವನ್ನು ಬಿಡಲಿಲ್ಲ. ನಿಯಮ ಬಲ್ಲ ಪಂಡಿತರು ಭಕ್ತಿಗೆ ತಲೆಬಾಗಿದರು.

ಹೈಮ್ 1973ರಲ್ಲಿ ಪೋಪರ ಪ್ರತಿನಿಧಿಯಾಗಿ ಬ್ರಿಟನ್‌ಗೆ ಹೋದರು. 16ನೇ ಶತಮಾನದಲ್ಲಿ ಕಡಿದುಹೋಗಿದ್ದ ಪೂರ್ಣ ರಾಯಭಾರ ಸಂಬಂಧ 1982ರಲ್ಲಿ ಮತ್ತೆ ಕೂಡಿದಾಗ ಅಲ್ಲಿದ್ದವರು ಅವರೇ. ಮನೆಗೆ ಬಂದ ಅತಿಥಿಗಳ ಲಾಂಛನಗಳನ್ನು ಒಂದು ಪುಸ್ತಕದಲ್ಲಿ ತಾವೇ ಬಿಡಿಸಿ ಅವರ ಸಹಿ ಪಡೆಯುತ್ತಿದ್ದರು. 1985ರಲ್ಲಿ ನಿವೃತ್ತರಾಗಿ, 2003ರಲ್ಲಿ ಹುಟ್ಟೂರಿನಲ್ಲೇ ದೈವಾಧೀನರಾದರು.

ಬಡವರ ಧರ್ಮಸಭೆಗೆ ಈ ಗುರಾಣಿ, ಕುಚ್ಚುಗಳ ಆಡಂಬರವೇಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಧರ್ಮಸಭೆಯೂ ಅದನ್ನು ಕೇಳಿಕೊಂಡಿದೆ. ಧರ್ಮಾಧ್ಯಕ್ಷರ ಲಾಂಛನದಲ್ಲಿ ಕಿರೀಟ ಮತ್ತು ದಂಡ ಬೇಡವೆಂದು 1969ರಲ್ಲಿ ಆದೇಶವಾಯಿತು. 2005ರಲ್ಲಿ 16ನೇ ಬೆನೆಡಿಕ್ಟರು ತಮ್ಮ ಲಾಂಛನದಿಂದ ಪೋಪರ ಮೂರು ಸುತ್ತಿನ ಕಿರೀಟವನ್ನು ತೆಗೆಸಿ ಧರ್ಮಾಧ್ಯಕ್ಷರ ಸರಳ ಶಿರೋವಸ್ತ್ರವನ್ನು ಇರಿಸಿದರು. ಆದರೆ ಸಂತ ಪೇತ್ರರ ಬೀಗದ ಕೈಗಳು ಹಾಗೆಯೇ ಉಳಿದವು. ಅಧಿಕಾರದ ಗುರುತು ಬದಲಾಗಬಹುದು, ಹೊಣೆಯ ಗುರುತು ಬದಲಾಗದು.

ಮುಂದಿನ ಸಲ ಆಮಂತ್ರಣ ಪತ್ರಿಕೆ ಕೈಸೇರಿದಾಗ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಆ ಲಾಂಛನವನ್ನು ಓದಿರಿ. ನಮ್ಮ ಕುರುಬರು ಯಾವ ಹೊಣೆ ಹೊತ್ತಿದ್ದಾರೆಂದು ತಿಳಿದರೆ, ಅವರಿಗಾಗಿ ಪ್ರಾರ್ಥಿಸುವುದು ಸುಲಭ.