ರಾಗಿಯ ಬೇಸಾಯವೂ ವ್ಯಾಪಾರವೂ

ಹಳೆಯ ಮೈಸೂರು ಸೀಮೆಯ ಖುಷ್ಕಿ ಭೂಮಿಗಳಿಗೆ ರಾಗಿಗಿಂತ ಒಪ್ಪುವ ಪೈರು ಬೇರೊಂದಿಲ್ಲ. ಕೆಂಪು ಮಣ್ಣಿನ ಹೊಲದಲ್ಲಿ ಮಳೆಯು ಹಿಂದುಮುಂದಾದರೂ ಅದು ತಾಳಿಕೊಂಡು ನಿಂತು, ಒಂದು ಹದಮಳೆ ಬಿದ್ದೊಡನೆ ಚೇತರಿಸಿಕೊಳ್ಳುತ್ತದೆ. ಕಾಳು ಮನೆಗೆ, ಹುಲ್ಲು ದನಗಳಿಗೆ ಒದಗುವುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಇದರ ಹತ್ತನೆಯ ಒಂದು ಪಾಲೂ ಇರುವುದಿಲ್ಲ.

ಇಷ್ಟು ಗುಣವುಳ್ಳ ಪೈರನ್ನು ಬಿಟ್ಟು ಕೋಲಾರ, ಬೆಂಗಳೂರು ಗ್ರಾಮಾಂತರ ಮುಂತಾದ ಕಡೆಗಳಲ್ಲಿ ಅನೇಕ ಜಮೀನುದಾರರು ನೀಲಗಿರಿ ಮರಗಳನ್ನು ನೆಟ್ಟರು. ಇದನ್ನು ಅವರ ಅವಿವೇಕವೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಕೂಲಿಯ ದರ ಏರುತ್ತಿತ್ತು, ರಾಗಿಯ ಬೆಲೆ ಅದಕ್ಕೆ ತಕ್ಕಂತೆ ಏರಲಿಲ್ಲ. ಮರಕ್ಕಾದರೋ ಕಳೆ ಕೀಳುವ ಖರ್ಚಿಲ್ಲ, ಕಾಯುವ ಆಳು ಬೇಡ, ಕೊಳ್ಳುವವರೂ ಇದ್ದರು. 2017ರಲ್ಲಿ ಸರ್ಕಾರದವರು ನೀಲಗಿರಿ ನೆಡುವುದನ್ನು ನಿಷೇಧಿಸಿದರು. ನಿಷೇಧದಿಂದ ಮರ ನೆಡುವುದು ನಿಂತೀತೇ ಹೊರತು ರಾಗಿಯು ತಾನಾಗಿ ಹೊಲಕ್ಕೆ ಹಿಂದಿರುಗುವುದಿಲ್ಲ. ಅದಕ್ಕೆ ಬೀಜವೂ ಬೆಲೆಯೂ ಮಾರುವ ಅನುಕೂಲವೂ ಒಟ್ಟಿಗೆ ಬೇಕು.

ಬೀಜದ ಕೆಲಸವು ಸರ್ಕಾರದ್ದೇ. ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ನಡೆಸುತ್ತಿದ್ದ ಕಾಲದಲ್ಲಿಯೇ ಹೆಬ್ಬಾಳದಲ್ಲಿ ರಾಗಿ ತಳಿಗಳ ಆಯ್ಕೆ ನಡೆಯಿತು. ಮುಂದೆ ಲಕ್ಷ್ಮಣಯ್ಯನವರು ಮಂಡ್ಯದ ಕ್ಷೇತ್ರದಲ್ಲಿ ಈ ದೇಶದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದರು. ಬೆಂಕಿ ರೋಗವನ್ನು ತಡೆಯುವ ಜಿಪಿಯು 28 ತಳಿಯು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದುದು. ವರ್ತಕರು ಇಂಥ ಕೆಲಸಕ್ಕೆ ಕೈಹಾಕುವುದು ಅಪರೂಪ. ರಾಗಿಯು ತನ್ನ ಹೂವಿನಲ್ಲಿಯೇ ಕಾಳುಕಟ್ಟುವ ಪೈರಾದ್ದರಿಂದ, ಒಮ್ಮೆ ಬೀಜ ಕೊಂಡವನು ಮರುವರ್ಷ ತನ್ನ ಕಣದಿಂದಲೇ ಬೀಜ ತೆಗೆದಿಟ್ಟುಕೊಳ್ಳುವನು. ರೈತನಿಗೆ ಇದು ಲಾಭ, ಬೀಜದಂಗಡಿಗೆ ಅಲ್ಲ.

ಬೆಲೆಯ ವಿಷಯವು ಇನ್ನೂ ಮುಖ್ಯವಾದದ್ದು. ಕ್ವಿಂಟಾಲ್ ರಾಗಿಗೆ ಕೇಂದ್ರ ಸರ್ಕಾರದವರು ಗೊತ್ತುಮಾಡಿದ ಬೆಂಬಲ ಬೆಲೆಯು 2017-18ರಲ್ಲಿ 1,900 ರೂಪಾಯಿ, ಮರುವರ್ಷ 2,897 ರೂಪಾಯಿ, 2025-26ಕ್ಕೆ 4,886 ರೂಪಾಯಿ. ಹೀಗೆ ಕೊಂಡ ರಾಗಿಯನ್ನು ದಕ್ಷಿಣದ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳಲ್ಲಿ ಹಂಚುವುದರಿಂದ, ಬೆಳೆದವನಿಗೂ ಉಣ್ಣುವವನಿಗೂ ಅನುಕೂಲವಾಗಿದೆ. ಆದರೆ ಒಂದು ತೊಡಕಿದೆ. ರಾಗಿಯ ಕೊಯ್ಲು ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಮುಗಿಯುವುದು. ಸರ್ಕಾರದ ಖರೀದಿ ಸಾಮಾನ್ಯವಾಗಿ ಹೊಸ ವರ್ಷ ಹುಟ್ಟಿದ ಮೇಲೆ ಮೊದಲಾಗುವುದು. ಕೂಲಿಯವರಿಗೂ ಸಾಲ ಕೊಟ್ಟವರಿಗೂ ಹಣ ಸಲ್ಲಿಸಬೇಕಾದ ಸಣ್ಣ ಹಿಡುವಳಿದಾರನು ಅಷ್ಟು ದಿನ ಕಾಯಲಾರದೆ, ಕಣದಲ್ಲಿಯೇ ಸಿಕ್ಕಿದ ಬೆಲೆಗೆ ಮಾರಿಬಿಡುತ್ತಾನೆ. ಬೆಂಬಲ ಬೆಲೆಯು ಕಾಯಬಲ್ಲವನಿಗೇ ದಕ್ಕುತ್ತದೆ. ಹಿಂದೆ ಊರೂರಿನಲ್ಲಿಯೂ ಇದ್ದ ಹಗೇವುಗಳು ಈ ಕಾಯುವ ಕೆಲಸವನ್ನು ಮಾಡುತ್ತಿದ್ದವು. ಗಟ್ಟಿನೆಲದಲ್ಲಿ ತೋಡಿದ ಆ ಕುಳಿಗಳಲ್ಲಿ ರಾಗಿಯು ಹುಳ ಹಿಡಿಯದೆ ಎಷ್ಟೋ ವರ್ಷ ಇರುತ್ತಿತ್ತು. ಈಗ ಅದೇ ಕೆಲಸವನ್ನು ಊರಿನ ಉಗ್ರಾಣವೂ ಸಹಕಾರ ಸಂಘವು ದಾಸ್ತಾನಿನ ಮೇಲೆ ಕೊಡುವ ಸಾಲವೂ ಮಾಡಬಹುದು. ಎರಡು ತಿಂಗಳ ಕಾಲ ರಾಗಿಯನ್ನು ತಡೆದು ನಿಲ್ಲಿಸಿದರೆ ಸಾಕು.

ವರ್ತಕರ ಪಾತ್ರವು ಕಣದಿಂದಾಚೆಗೆ ಮೊದಲಾಗುತ್ತದೆ. ಮೊಳಕೆ ಕಟ್ಟಿಸಿ ಮಾಲ್ಟು ಮಾಡುವುದಕ್ಕೆ ಕಿರುಧಾನ್ಯಗಳಲ್ಲಿ ರಾಗಿಯೇ ಮೇಲು. ವಿಶ್ವಸಂಸ್ಥೆಯು 2023ನ್ನು ಕಿರುಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣಗಳಲ್ಲಿ ಇಂಥ ಪದಾರ್ಥಗಳನ್ನು ಕೇಳುವವರು ಹೆಚ್ಚಿದ್ದಾರೆ. ಅದೇ ವರ್ಷ ಅಕ್ಟೋಬರಿನಲ್ಲಿ, ಶೇಕಡ 70ಕ್ಕೆ ಕಡಿಮೆಯಿಲ್ಲದಂತೆ ಕಿರುಧಾನ್ಯವಿರುವ ಹಿಟ್ಟನ್ನು ಬಿಡಿಯಾಗಿ ಮಾರಿದರೆ ತೆರಿಗೆಯಿಲ್ಲವೆಂದೂ, ಹೆಸರುಚೀಟಿ ಅಂಟಿಸಿ ಪೊಟ್ಟಣದಲ್ಲಿ ಮಾರಿದರೆ ಶೇಕಡ 5 ಮಾತ್ರವೆಂದೂ ತೀರ್ಮಾನವಾಯಿತು. ಆದರೆ ಕಾರ್ಖಾನೆಯವರು ಕೇಳುವುದು ಕಲ್ಲುಮಣ್ಣಿಲ್ಲದ, ಚೆನ್ನಾಗಿ ಒಣಗಿದ ಕಾಳನ್ನು. ರಾಗಿಯ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಓಡಾಡುವ ಗಾಡಿಗಳಿಂದ ತುಳಿಸುವ ಅಭ್ಯಾಸವು ಈಚೆಗೆ ಬಹಳ ಹಬ್ಬಿದೆ. ಇದರಿಂದ ಹಾದಿಹೋಕರಿಗೆ ಅಪಾಯ; ಕಾಳಿಗೆ ಮರಳೂ ಎಣ್ಣೆಯೂ ಸೇರುವುದು; ವರ್ತಕನು ಬೆಲೆ ಇಳಿಸುವುದಕ್ಕೆ ಒಂದು ನೆಪವೂ ಆಗುವುದು. ಊರಿಗೊಂದು ಸಿಮೆಂಟಿನ ಕಣವೂ ಹತ್ತು ಊರಿಗೊಂದು ಕಾಳು ಶುದ್ಧಿಮಾಡುವ ಯಂತ್ರವೂ ಇದ್ದರೆ, ವರ್ತಕನೊಡನೆ ಬೆಲೆ ಮಾತನಾಡುವ ಬಲವು ರೈತರಿಗೆ ಬರುವುದು.

ಸರ್ಕಾರವೂ ವರ್ತಕರೂ ಕಡೆಗಣಿಸಿರುವ ಒಂದು ಸಂಗತಿಯೆಂದರೆ ಅಕ್ಕಡಿ ಸಾಲು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಸಾಲು ಹಾಕುವುದು ಹಿರಿಯರ ರೂಢಿ. ಅವರೆ ತೊಗರಿಗಳ ಬೇರಿನ ಗಂಟುಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ರಾಗಿ ಕೆಟ್ಟ ವರ್ಷ ಅವು ಮನೆಯನ್ನು ಕಾಯುತ್ತವೆ. ತೊಗರಿಗೂ ಹುಚ್ಚೆಳ್ಳಿಗೂ ಬೆಂಬಲ ಬೆಲೆಯುಂಟು, ಅವರೆಗೆ ಇಲ್ಲ. ರಾಗಿಯೊಂದಕ್ಕೇ ಗಿರಾಕಿಯಿದ್ದರೆ ಸಾಲುಗಳು ಹೊಲದಿಂದ ಮಾಯವಾಗುವುದರಲ್ಲಿ ಆಶ್ಚರ್ಯವಿಲ್ಲ. ಕಾರ್ಖಾನೆಯವರು ರೈತರ ಸಂಘಗಳೊಡನೆ ಕರಾರು ಮಾಡಿಕೊಳ್ಳುವಾಗ ಅವರೆ ತೊಗರಿಗಳನ್ನೂ ಸೇರಿಸಿಕೊಂಡರೆ ಒಳ್ಳೆಯದು.

ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸುವುದಕ್ಕೆ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಪಹಣಿಯು ಇನ್ನೂ ತೀರಿಹೋದ ತಂದೆ ತಾತಂದಿರ ಹೆಸರಿನಲ್ಲಿಯೇ ಇರುವ ಕುಟುಂಬಗಳು ಪ್ರತಿಯೊಂದು ಊರಿನಲ್ಲಿಯೂ ಉಂಟು. ಗ್ರಾಮದ ಮುಖಂಡರು ಪೌತಿ ಖಾತೆಯ ಬದಲಾವಣೆಯನ್ನು ತೆನೆ ಕಟ್ಟುವುದಕ್ಕೆ ಮುಂಚೆಯೇ ಮಾಡಿಸುವುದು ಲೇಸು. ಜಮೀನನ್ನು ವಾರಕ್ಕೆ ಕೊಟ್ಟಿರುವವರು ತಮ್ಮ ಹೆಸರಿನಲ್ಲಿ ರಾಗಿ ಅಳೆದುಕೊಟ್ಟಾಗ, ಬಂದ ಬೆಲೆಯಲ್ಲಿ ಉತ್ತವನ ಪಾಲನ್ನು ಅದೇ ದರದಲ್ಲಿ ಲೆಕ್ಕಹಾಕಿ ಕೊಡತಕ್ಕದ್ದು.