ತಿಂಗಳುಗಟ್ಟಲೆ ತಂಗುವ ಅತಿಥಿಗೆ ನಮ್ಮಲ್ಲಿ ಕೋಣೆಯುಂಟೇ?

ಮದ್ದೂರಿನ ಹೆಸರನ್ನು ನಾಡಿಗೆ ಪರಿಚಯಿಸಿದವನು ಐದು ನಿಮಿಷದ ಅತಿಥಿ. 1917ರಲ್ಲಿ ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅವರು ಆರಂಭಿಸಿದರೆಂದು ಪ್ರತೀತಿಯಿರುವ ಮದ್ದೂರು ವಡೆ, ರೈಲು ನಿಂತು ಹೊರಡುವಷ್ಟರಲ್ಲಿ ಪ್ರಯಾಣಿಕನ ಕೈ ಸೇರಬೇಕಾದ ತಿಂಡಿ. ಮುಂದೆ ಹೆದ್ದಾರಿಯ ಕಾಲ ಬಂದಿತು. ಬೆಂಗಳೂರಿಗೂ ಮೈಸೂರಿಗೂ ನಡುವೆ ಕಾಫಿಗೆಂದು ಇಳಿದು, ಎಳನೀರು ಕುಡಿದು ಕಾರು ಹತ್ತುವವರನ್ನೇ ನೆಚ್ಚಿ ಮದ್ದೂರು, ಮಂಡ್ಯಗಳ ಹೋಟೆಲುಗಳೂ ಲಾಡ್ಜುಗಳೂ ಬೆಳೆದವು. ಹಾದುಹೋಗುವವನನ್ನು ಉಪಚರಿಸುವ ಕಲೆ ನಮಗೆ ಕರಗತವಾಗಿದೆ. ಆದರೆ ಬಂದು ನಲವತ್ತು ದಿನ, ಮೂರು ತಿಂಗಳು ಉಳಿಯುವ ಅತಿಥಿಯ ವಿಚಾರದಲ್ಲಿ ನಾವು ಇನ್ನೂ ಅನನುಭವಿಗಳು ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಇಂತಹ ಅತಿಥಿ ಯಾರು? ಸೋಮನಹಳ್ಳಿ, ಗೆಜ್ಜಲಗೆರೆ, ತೂಬಿನಕೆರೆ ಕೈಗಾರಿಕಾ ಪ್ರದೇಶಗಳಲ್ಲಿ ಘಟಕ ನಡೆಸುತ್ತಿರುವವರಿಗೆ ಉತ್ತರ ತಿಳಿದೇ ಇದೆ. ಹೊಸ ಯಂತ್ರದ ಜೊತೆಯಲ್ಲಿ ಬರುವ ಜೋಡಣೆ ತಂತ್ರಜ್ಞ, ಸಕ್ಕರೆ ಕಾರ್ಖಾನೆಗಳಲ್ಲಿ ನುರಿಸುವ ಹಂಗಾಮು ಮುಗಿದ ಮೇಲೆ ರೋಲರು, ಬಾಯ್ಲರುಗಳ ದುರಸ್ತಿಗೆ ಬರುವ ಫಿಟ್ಟರು, ಮಾಲು ತಯಾರಾಗುವಾಗಲೇ ನಿಂತು ಪರೀಕ್ಷಿಸುವ ಖರೀದಿದಾರನ ಪ್ರತಿನಿಧಿ, ರಸ್ತೆ, ನಾಲೆ ಕಾಮಗಾರಿಗಳ ಎಂಜಿನಿಯರು, ವರ್ಗವಾಗಿ ಬಂದು ಮನೆ ಸಿಗದೆ ಕಾಯುತ್ತಿರುವ ಬ್ಯಾಂಕ್ ಅಧಿಕಾರಿ. ಇವರಲ್ಲಿ ಯಾರೂ ಪ್ರವಾಸಿಗರಲ್ಲ. ಇವರ ವಾಸ್ತವ್ಯದ ಖರ್ಚನ್ನು ಬಹುಪಾಲು ನಮ್ಮಂತಹ ಉದ್ದಿಮೆದಾರರೇ ನೇರವಾಗಿಯೋ ಯಂತ್ರದ ಬೆಲೆಯೊಳಗೋ ಭರಿಸುತ್ತೇವೆ.

2024ರ ವೈಶಾಖದಲ್ಲಿ ನಮ್ಮ ತೆಂಗಿನ ನಾರಿನ ಘಟಕಕ್ಕೆ ಕೊಯಮತ್ತೂರಿನಿಂದ ಯಂತ್ರ ತರಿಸಿದಾಗ ಈ ಪಾಠ ನನಗೆ ಕೈಸುಟ್ಟುಕೊಂಡು ತಿಳಿಯಿತು. ಜೋಡಣೆಗೆ ಬಂದ ಇಬ್ಬರನ್ನು ಒಂದು ಲಾಡ್ಜಿನಲ್ಲಿ ಇರಿಸಿದ್ದೆವು. ಮೊದಲ ವಾರ ಅವರು ಮುದ್ದೆ, ಬಸ್ಸಾರನ್ನು ಕುತೂಹಲದಿಂದಲೇ ಸವಿದರು. ಮೂರನೆಯ ವಾರಕ್ಕೆ ಹಿರಿಯವರ ಹೊಟ್ಟೆ ಕೆಟ್ಟಿತು. ಅವರು ಬೇಡಿದ್ದು ಬಿಸಿ ಅನ್ನ, ಮೊಸರು. ರಾತ್ರಿ ಹತ್ತರ ಮೇಲೆ ಪಾಳಿ ಮುಗಿಸಿ ಬಂದವರಿಗೆ ಅದು ಎಲ್ಲಿಯೂ ಸಿಗಲಿಲ್ಲ. ಕೋಣೆಯಲ್ಲಿ ಅನ್ನ ಬೇಯಿಸಿಕೊಳ್ಳಲು ಅಪ್ಪಣೆಯಿರಲಿಲ್ಲ. ಎಣ್ಣೆ ಹಿಡಿದ ಬಟ್ಟೆ ಒಗೆದು ಒಣಹಾಕಲು ಕಿಟಕಿಯ ಸರಳುಗಳೇ ಗತಿ. ಇವನ್ನೆಲ್ಲ ಅವರು ಸಹಿಸಿಕೊಂಡರು. ಸಹಿಸಲಾಗದೆ ಹೋದದ್ದು ಮತ್ತೊಂದು. ಮುಹೂರ್ತದ ದಿನಗಳು ಬಂದಾಗ ಲಾಡ್ಜಿನ ಕೋಣೆಗಳೆಲ್ಲ ಮದುವೆ ದಿಬ್ಬಣಕ್ಕೆ ಮೊದಲೇ ಗೊತ್ತಾಗಿದ್ದವು. ಎರಡು ದಿನದ ಮಟ್ಟಿಗೆ ಕೋಣೆ ತೆರವು ಮಾಡಿಕೊಟ್ಟು ಬಳಿಕ ಮತ್ತೆ ಬರಬಹುದೆಂದು ಅವರಿಗೆ ತಿಳಿಸಲಾಯಿತು. ಇಪ್ಪತ್ತಾರು ದಿನ ತಂಗಿದ್ದ ಅತಿಥಿಯೂ ನಿನ್ನೆ ಬಂದವನೂ ಲಾಡ್ಜಿನ ಪುಸ್ತಕದಲ್ಲಿ ಒಂದೇ. ಅವರು ಪೆಟ್ಟಿಗೆ ಕಟ್ಟಿಕೊಂಡು ಮೈಸೂರಿಗೆ ಹೋದರು, ಮರಳಿ ಬಂದದ್ದು ಕೆಲಸದ ಹೊತ್ತಿಗೆ ಮಾತ್ರ. ದಿನವೂ ಸುಮಾರು ಅರವತ್ತು ಕಿ.ಮೀ. ದೂರದಿಂದ ಬಂದು ಹೋಗುವ ಕಾರಣಕ್ಕೆ ಸಂಜೆಯ ಎರಡು ಗಂಟೆಯ ಕೆಲಸ ತಪ್ಪಿತು, ಯಂತ್ರದ ಚಾಲನೆ ಐದು ದಿನ ತಡವಾಯಿತು. ಕಾರಿನ ಬಾಡಿಗೆ ನಮ್ಮ ಲೆಕ್ಕಕ್ಕೆ ಬಿದ್ದಿತು. ಲಾಡ್ಜಿನವರನ್ನು ನಾನು ದೂರುತ್ತಿಲ್ಲ. ಮದುವೆಯ ಎರಡು ದಿನಕ್ಕೆ ಅವರಿಗೆ ದೊರೆಯುವ ದರ ನಾವು ಕೊಡುತ್ತಿದ್ದುದಕ್ಕಿಂತ ಹೆಚ್ಚು. ವ್ಯಾಪಾರಿಯಾಗಿ ನಾನಾದರೂ ಹಾಗೆಯೇ ಮಾಡುತ್ತಿದ್ದೆನೇನೋ.

ಇದಕ್ಕೆ ಮುನ್ನ ಅದೇ ಯಂತ್ರದ ಕೆಲಸ ಕಲಿಯಲು ನಾನೇ ಕೊಯಮತ್ತೂರಿನಲ್ಲಿ ಇಪ್ಪತ್ನಾಲ್ಕು ದಿನ ತಂಗಿದ್ದೆ. ಆ ಊರಿನವರು ನನ್ನನ್ನು ಇರಿಸಿದ್ದು ಊರ ಹೊರಗಿನ ಒಂದು ಸರ್ವೀಸ್ ಅಪಾರ್ಟ್‌ಮೆಂಟಿನಲ್ಲಿ. ಮಲಗುವ ಕೋಣೆ, ಅದಕ್ಕೆ ಹೊಂದಿಕೊಂಡು ಮೇಜು, ಕುರ್ಚಿಗಳಿದ್ದ ಚಿಕ್ಕ ಹಜಾರ, ಮೂಲೆಯಲ್ಲಿ ಇಂಡಕ್ಷನ್ ಒಲೆ, ತೊಟ್ಟಿ, ಪುಟ್ಟ ಫ್ರಿಜ್. ವೈಭವವೇನೂ ಇರಲಿಲ್ಲ. ನೆಲಕ್ಕೆ ಸಾಧಾರಣ ಟೈಲು, ಗೋಡೆಗೆ ಸುಣ್ಣ. ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದುದೂ ವಾರಕ್ಕೆ ಎರಡೇ ಸಲ. ಆದರೆ ಬೆಳಗ್ಗೆ ನನ್ನ ಕೈಯಾರೆ ಕಾಫಿ ಮಾಡಿಕೊಂಡು ಕುಡಿದ ದಿನದಿಂದ ನಾನು ಅಲ್ಲಿ ಪರವೂರಿನವನಾಗಿ ಉಳಿಯಲಿಲ್ಲ. ಕೆಳಗಿನ ಅಂಗಡಿಯಾತ ಹಾಲು ತೆಗೆದಿರಿಸುತ್ತಿದ್ದ. ಹಜಾರದ ಮೇಜಿನ ಮೇಲೆ ಹರಡಿದ ನಕ್ಷೆಗಳನ್ನು ಯಾರೂ ಮಡಿಸಿಡುತ್ತಿರಲಿಲ್ಲ. ಅಂದಿನ ಕಾಗದವನ್ನು ಮರುದಿನ ಇಟ್ಟ ಜಾಗದಲ್ಲೇ ಕಾಣುವ ನೆಮ್ಮದಿಯನ್ನು ದೀರ್ಘಕಾಲ ಹೊರಗೆ ತಂಗಿದವರಷ್ಟೇ ಬಲ್ಲರು.

ಈ ಬಗೆಯ ವಸತಿಗೆ ಪ್ರತ್ಯೇಕ ಉದ್ಯಮದ ರೂಪ ಬಂದದ್ದು ಅಮೆರಿಕದಲ್ಲಿ. ಜ್ಯಾಕ್ ಡಿಬೋರ್ ಎಂಬ ಕಟ್ಟಡ ಉದ್ಯಮಿ 1975ರಲ್ಲಿ ಕ್ಯಾನ್ಸಸ್ ಪ್ರಾಂತದ ವಿಚಿಟಾ ನಗರದಲ್ಲಿ ಅಡುಗೆ ಸೌಕರ್ಯವುಳ್ಳ ಸೂಟುಗಳ ‘ರೆಸಿಡೆನ್ಸ್ ಇನ್’ ತೆರೆದರು. 1987ರಲ್ಲಿ ಮ್ಯಾರಿಯಟ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ವಿಚಿಟಾ ರಾಜಧಾನಿಯಲ್ಲ, ಪ್ರವಾಸಿ ತಾಣವೂ ಅಲ್ಲ. ವಿಮಾನ ತಯಾರಿಕೆಗೆ ಹೆಸರಾದ ಊರು, ಕೆಲಸದ ಮೇಲೆ ಜನ ಬಂದು ಹೋಗುವ ಊರು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಉತ್ಪಾದಿಸಿ 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಸಿದಾಗ ಯಂತ್ರಗಳು ಬಂದದ್ದು ಹೊರದೇಶಗಳಿಂದ, ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಅವುಗಳನ್ನು ಜೋಡಿಸಲು ಬಂದ ಎಂಜಿನಿಯರುಗಳು ವಾರಾಂತ್ಯಕ್ಕೆ ಬಂದವರಲ್ಲ. ಬ್ಲಫ್ ಎಂದು ಇಂದಿಗೂ ಕರೆಯುವ ಅಲ್ಲಿಯ ನೆಲೆಯಲ್ಲಿ ಯೋಜನೆಯ ಜೊತೆಜೊತೆಗೇ ವಸತಿಗಳೂ ಎದ್ದವು. ಯಂತ್ರ ತರಿಸುವವನು ಯಂತ್ರದ ಜೊತೆಗೆ ಬರುವ ಮನುಷ್ಯನಿಗೂ ಸೂರು ಒದಗಿಸಬೇಕೆಂಬುದು ಆಗಿನ ಮೈಸೂರು ಸರ್ಕಾರಕ್ಕೆ ತಿಳಿದಿತ್ತು. ನಾವು ಯಂತ್ರಕ್ಕೆ ಅಡಿಪಾಯ ಹಾಕಿಸುತ್ತೇವೆ, ಮನುಷ್ಯನ ಬಗ್ಗೆ ಅವನು ಬಂದಿಳಿದ ಸಂಜೆ ಯೋಚಿಸುತ್ತೇವೆ.

ಇಂದು ಈ ವಿಷಯ ಪ್ರಸ್ತುತವಾಗಲು ಬೇರೊಂದು ಕಾರಣವೂ ಇದೆ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಪ್ರಧಾನಮಂತ್ರಿಗಳು ಬೆಂಗಳೂರು–ಮೈಸೂರು ದಶಪಥವನ್ನು ಲೋಕಾರ್ಪಣೆ ಮಾಡಿದರು. ಮದ್ದೂರು, ಮಂಡ್ಯ ಎರಡಕ್ಕೂ ಬೈಪಾಸ್ ಆಗಿದೆ. ಐದು ನಿಮಿಷದ ಅತಿಥಿ ಈಗ ಊರಿನೊಳಗೆ ಬರುತ್ತಿಲ್ಲ. ಹಳೆಯ ಹೆದ್ದಾರಿಯ ಹೋಟೆಲು, ಲಾಡ್ಜುಗಳ ಮಾಲೀಕರಲ್ಲಿ ಅನೇಕರು ನಮ್ಮ ನಿಮ್ಮ ಬಂಧುಮಿತ್ರರೇ, ಅವರ ಅಳಲು ಗೊತ್ತಿರುವುದೇ. ಅದೇ ರಸ್ತೆ ತಿಂಗಳ ಅತಿಥಿಯನ್ನೂ ಸುಲಭವಾಗಿ ಸೆಳೆದೊಯ್ಯಬಲ್ಲದು. ಮೈಸೂರಿನಲ್ಲಿ ಮಲಗಿ ತೂಬಿನಕೆರೆಯಲ್ಲಿ ಕೆಲಸ ಮಾಡುವುದು ಈಗ ಕಷ್ಟವಲ್ಲ. ಆದರೆ ದಶಪಥದ ಮೇಲೆ ಹಾದುಹೋಗುವವನನ್ನು ಊರಿಗೆ ತಿರುಗಿಸುವುದು ನಮ್ಮ ಕೈಯಲ್ಲಿಲ್ಲ. ಕಾರ್ಖಾನೆಯ ಕೆಲಸಕ್ಕೆ ಬಂದವನನ್ನು ಕಾರ್ಖಾನೆಯ ಸಮೀಪದಲ್ಲೇ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಲೆಕ್ಕವನ್ನು ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ದಿನಕ್ಕೆ 1,000 ರೂ. ಬಾಡಿಗೆಯ ಕೋಣೆ ತಿಂಗಳಲ್ಲಿ 14 ದಿನ ತುಂಬಿದರೆ ವರುಷಕ್ಕೆ 1,68,000 ರೂ. ಅದನ್ನೇ ಮಾಸಿಕ 18,000 ರೂ. ದರದಲ್ಲಿ ಎಂಟು ತಿಂಗಳು ಕೊಟ್ಟು, ಉಳಿದ ನಾಲ್ಕು ತಿಂಗಳು ಹಿಂದಿನಂತೆಯೇ ನಡೆಸಿದರೆ 2,00,000 ರೂ. ಹೆಚ್ಚುವರಿ 32,000 ರೂ. ಒಲೆ, ಫ್ರಿಜ್, ತೊಟ್ಟಿ, ಮೇಜು ಇವುಗಳಿಗೆ ಕೋಣೆಯೊಂದಕ್ಕೆ ಒಂದು ಲಕ್ಷ ತಗುಲಿತೆಂದರೆ ಹಣ ಮರಳಲು ಮೂರು ವರುಷ ಮೀರುತ್ತದೆ. ನಿತ್ಯವೂ ಹೊದಿಕೆ ಒಗೆಸುವ ಖರ್ಚಿನ ಉಳಿತಾಯವನ್ನು ಸೇರಿಸಿದರೆ ತುಸು ಬೇಗ. ಇದು ಚಿನ್ನದ ಗಣಿಯಲ್ಲ. ಆದಕಾರಣ ಇಡೀ ಲಾಡ್ಜನ್ನು ಬದಲಾಯಿಸಿರೆಂದು ನಾನು ಹೇಳಲಾರೆ. ಎರಡೋ ಮೂರೋ ಕೋಣೆಗಳಿಂದ ತೊಡಗುವುದು ಕ್ಷೇಮ. ಗ್ಯಾಸ್ ಸಿಲಿಂಡರನ್ನು ಮಾತ್ರ ಕೋಣೆಯೊಳಗೆ ಬಿಡಬಾರದು. ಗೃಹಬಳಕೆಯ ಸಿಲಿಂಡರನ್ನು ವಾಣಿಜ್ಯಕ್ಕೆ ಬಳಸುವುದು ನಿಷಿದ್ಧ, ಬೆಂಕಿಯ ಭಯ ಬೇರೆ. ಇಂಡಕ್ಷನ್ ಒಲೆಯೊಂದಕ್ಕೆ ಎರಡು ಕಿಲೋವಾಟ್‌ನಷ್ಟು ವಿದ್ಯುತ್ ಬೇಕಾಗುವುದರಿಂದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ ಮಂಜೂರಾದ ಲೋಡ್ ಸಾಕೇ ಎಂದು ಮೊದಲೇ ನೋಡಿಕೊಳ್ಳಬೇಕು.

ತೆರಿಗೆಯ ವಿಚಾರದಲ್ಲಿ ಹಲವರಿಗೆ ಗೊಂದಲವಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗಳಿಗೆ ಜಿಎಸ್‌ಟಿ ಶೇ. 5. ಆದರೆ ಹೋಟೆಲಿನವರಿಗೆ ಇನ್‌ಪುಟ್ ತೆರಿಗೆ ಜಮೆ ಇಲ್ಲ. ಅಂದರೆ ಈ ಕೋಣೆಗಳಿಗೆಂದು ಕೊಂಡ ಫ್ರಿಜ್ಜಿನ ಮೇಲಿನ ತೆರಿಗೆ ಖರ್ಚಿಗೇ ಸೇರುತ್ತದೆ. ಇನ್ನು ಅತಿಥಿಯ ಕಂಪನಿಯ ಮಾತು. ವಸತಿ ಸೇವೆ ಸಲ್ಲುವ ಸ್ಥಳವೆಂದರೆ ಕಟ್ಟಡವಿರುವ ಸ್ಥಳ. ಆದುದರಿಂದ ಬೆಂಗಳೂರಿನ ಕಂಪನಿ ತನ್ನ ನೋಂದಣಿ ಸಂಖ್ಯೆಯುಳ್ಳ ಇನ್‌ವಾಯ್ಸ್ ಇದ್ದರೆ ಆ ತೆರಿಗೆಯ ಜಮೆ ಪಡೆಯಬಹುದು, ಕರ್ನಾಟಕದಲ್ಲಿ ನೋಂದಣಿಯಿಲ್ಲದ ಕೊಯಮತ್ತೂರಿನ ಕಂಪನಿ ಪಡೆಯಲಾರದು. ದರ ಹೇಳುವಾಗ ಈ ವ್ಯತ್ಯಾಸ ನೆನಪಿರಲಿ.

ಮತ್ತೊಂದು ಅಂಶ ದೀರ್ಘ ವಾಸ್ತವ್ಯಕ್ಕೇ ಸಂಬಂಧಿಸಿದ್ದು. 2024ರ ಜುಲೈ 15ರಿಂದ, ಒಬ್ಬರಿಗೆ ತಿಂಗಳಿಗೆ 20,000 ರೂ. ಮೀರದ ಮತ್ತು ಕನಿಷ್ಠ 90 ದಿನ ಸತತವಾಗಿ ನೀಡುವ ವಸತಿ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ‘ಸತತವಾಗಿ’ ಎಂಬ ಪದವನ್ನು ಗಮನಿಸಿರಿ. ಮುಹೂರ್ತಕ್ಕೆಂದು ಎರಡು ದಿನ ಕೋಣೆ ಬಿಡಿಸಿದರೆ ಈ ಎಣಿಕೆಯೂ ಮುರಿಯುತ್ತದೆ. ನಿಮ್ಮ ಲೆಕ್ಕಪರಿಶೋಧಕರೊಡನೆ ಮಾತನಾಡಿ, ಅವಧಿಯನ್ನು ಕರಾರುಪತ್ರದಲ್ಲೇ ಕಾಣಿಸುವುದು ಒಳಿತು. ಅತಿಥಿ ವಿದೇಶೀಯನಾದರೆ ಬಂದ 24 ಗಂಟೆಯೊಳಗೆ ನೋಂದಣಾಧಿಕಾರಿಗೆ ವಿವರ ಸಲ್ಲಿಸಬೇಕಾದ ಹೊಣೆ ವಸತಿಗೃಹದ ಮಾಲೀಕನದೇ.

ಈ ಲೇಖನ ಬರೆಯುವ ಮುನ್ನ ಬೇರೆ ಬೇರೆ ಘಟಕಗಳಿಗೆ ಬಂದು ತಂಗಿದ್ದ ಕೆಲವರೊಡನೆ ಮಾತನಾಡಿದೆ. ಟಿ.ವಿ. ದೊಡ್ಡದಿರಲಿ ಎಂದು ಒಬ್ಬರೂ ಕೇಳಲಿಲ್ಲ. ರಾತ್ರಿ ಪಾಳಿ ಮುಗಿಸಿದವನು ಹಗಲು ಮಲಗಲು ಬೆಳಕು ತಡೆಯುವ ಪರದೆ, ಬಟ್ಟೆ ಒಣಹಾಕಲು ಮಹಡಿಯ ಮೇಲೊಂದು ತಂತಿ, ಮನೆಯವರು ಒಂದು ವಾರ ಬಂದರೆ ಹೆಚ್ಚಿನ ಮಂಚ, ತಿಂಗಳ ಕೊನೆಗೆ ಕಂಪನಿ ಒಪ್ಪುವ ಸರಿಯಾದ ಬಿಲ್ಲು, ಇಷ್ಟೇ ಅವರ ಬೇಡಿಕೆ. ಮಳವಳ್ಳಿಯಲ್ಲಿ ತಂಗಿದ್ದ ಒಬ್ಬರಿಗೆ ಲಾಡ್ಜಿಗಿಂತ ಹಿಡಿಸಿದ್ದು ಒಬ್ಬ ವರ್ತಕರು ತಮ್ಮ ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಮೂರು ತಿಂಗಳಿಗೆ ಬಿಟ್ಟುಕೊಟ್ಟದ್ದು. ಅಲ್ಲಿ ನಲ್ಲಿ ಸೋರುತ್ತಿತ್ತಂತೆ. ಆದರೆ ಬೀಗದ ಕೈ ತಮ್ಮ ಬಳಿಯೇ ಇತ್ತು ಎಂಬುದನ್ನು ಅವರು ಎರಡು ಸಲ ಹೇಳಿದರು.

ಬರುವ ಆಷಾಢದಲ್ಲಿ ನಮ್ಮ ಎರಡನೆಯ ಯಂತ್ರ ಬರಲಿದೆ. ಜೊತೆಗೆ ಬರುವವರು ಹಿಂದಿನ ಆ ಇಬ್ಬರೇ. ಬರುವ ಮುನ್ನ ವಸತಿ ಎಲ್ಲಿ ಎಂದು ಈ ಬಾರಿ ಅವರೇ ಕೇಳಿದ್ದಾರೆ. ಹಳೆಯ ಹೆದ್ದಾರಿಯ ಲಾಡ್ಜಿನ ಮಾಲೀಕರೊಬ್ಬರು ಹಿಂಬದಿಯ ಎರಡು ಕೋಣೆಗಳಿಗೆ ತೊಟ್ಟಿ, ಒಲೆ ಹಾಕಿಸಿಕೊಡಲು ಒಪ್ಪಿದ್ದಾರೆ. ಮೂರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡಲು ನಾನು ಒಪ್ಪಿದ್ದೇನೆ. ಮುಹೂರ್ತವಿದ್ದರೂ ಕೋಣೆ ಬಿಡಿಸತಕ್ಕದ್ದಲ್ಲ ಎಂಬ ಷರತ್ತಿನ ಬಗ್ಗೆ ಇನ್ನೂ ಮಾತುಕತೆ ನಡೆದಿದೆ.